ಸೆಫ್ ಕ್ಲಸ್ಟರಿನಲ್ಲಿ ಒಂದು ಸರ್ವರ್ ಆಫ್ ಮಾಡುವ ಮುನ್ನ

ಸೆಫ್ ಎಂದರೆ ಹಲವು ಸರ್ವರುಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸ್ಟೋರೇಜ್ ಆಗಿ ನಡೆಸುವ ಸಾಫ್ಟ್‌ವೇರ್. ನಮ್ಮ ಸೆಫ್ ಸ್ಟೋರೇಜ್ ಕ್ಲಸ್ಟರಿನ ಒಂದು ಸರ್ವರಿಗೆ ರ‍್ಯಾಮ್ ಬದಲಿಸಬೇಕಿತ್ತು. ಅದಕ್ಕೆ ಯಂತ್ರ ಆಫ್ ಆಗಲೇಬೇಕು. ಆದರೆ ಈ ಸ್ಟೋರೇಜನ್ನೇ ನಂಬಿ ಓಡುತ್ತಿರುವ ವರ್ಚುವಲ್ ಮೆಷಿನ್‌ಗಳು ನಿಲ್ಲಬಾರದು. ಶಟ್‌ಡೌನ್ ಕಮಾಂಡ್ ಕೊಡುವುದು ಇದರಲ್ಲಿ ತೀರ ಸಣ್ಣ ಕೆಲಸ. ಒಬ್ಬರು ಇಲ್ಲದಾಗ ಉಳಿದವರು ಭಾರ ಹೊರಬಲ್ಲರೇ ಎಂದು ಮೊದಲೇ ಖಚಿತಪಡಿಸಿಕೊಳ್ಳುವುದೇ ನಿಜವಾದ ಕೆಲಸ.

ನಮ್ಮ ಪೂಲ್‌ಗಳಲ್ಲಿ (ಡೇಟಾ ಇಡುವ ವಿಭಾಗಗಳಲ್ಲಿ) ಸೈಜ್ 3, ಮಿನ್ ಸೈಜ್ 2. ಅಂದರೆ ಡೇಟಾಗೆ ಮೂರು ಪ್ರತಿ. ಎರಡಾದರೂ ಸಿಕ್ಕರೆ ಓದು-ಬರಹ ನಡೆಯುತ್ತದೆ, ಒಂದೇ ಉಳಿದರೆ ನಿಂತುಬಿಡುತ್ತದೆ. ಹಾಗಾಗಿ ಎಲ್ಲ ಪ್ಲೇಸ್‌ಮೆಂಟ್ ಗ್ರೂಪ್‌ಗಳೂ (ಸೆಫ್ ಡೇಟಾವನ್ನು ಹಂಚಿಡುವ ಗುಂಪುಗಳು) 'ಆಕ್ಟಿವ್ ಪ್ಲಸ್ ಕ್ಲೀನ್', ಅಂದರೆ ಎಲ್ಲ ಪ್ರತಿಗಳೂ ಸರಿಯಿವೆ, ಎಂದು ತೋರಿಸುವವರೆಗೆ ನಾನು ಏನನ್ನೂ ಮುಟ್ಟಲಿಲ್ಲ. ಯಾವ ಪ್ರತಿ ಎಲ್ಲಿರಬೇಕೆಂದು ನಿರ್ಧರಿಸುವ ಕ್ರಶ್ ರೂಲ್ ಪ್ರತಿಗಳನ್ನು ಬೇರೆ ಬೇರೆ ಹೋಸ್ಟ್‌ಗಳಲ್ಲಿ (ಸರ್ವರುಗಳಲ್ಲಿ) ಇಡುತ್ತಿದೆಯೇ, ಬರೀ ಬೇರೆ ಬೇರೆ ಡಿಸ್ಕ್‌ಗಳಲ್ಲೋ ಎಂಬುದನ್ನೂ ನೋಡಿದೆ. ಡಿಸ್ಕ್ ಎಂದಿದ್ದರೆ ಮೂರೂ ಪ್ರತಿ ಒಂದೇ ಪೆಟ್ಟಿಗೆಯಲ್ಲಿ ಕೂತಿರಬಹುದು. ಈ ಸರ್ವರಿನಲ್ಲಿ ಒಂದು ಮಾನಿಟರ್ (ಕ್ಲಸ್ಟರಿನ ಸ್ಥಿತಿಯ ಲೆಕ್ಕ ಇಡುವ ಪ್ರೋಗ್ರಾಂ) ಕೂಡ ಇತ್ತು. ಮೂರು ಮಾನಿಟರ್‌ಗಳಲ್ಲಿ ಎರಡು ಇದ್ದರೆ ಬಹುಮತ ಉಳಿಯುತ್ತದೆ, ಉಳಿದೆರಡೂ ಚೆನ್ನಾಗಿದ್ದವು. ಕೊನೆಗೆ ನಿಲ್ಲಿಸಬಹುದೇ ಎಂದು 'ಓಕೆ ಟು ಸ್ಟಾಪ್' ಕಮಾಂಡಿನಿಂದ ಕ್ಲಸ್ಟರನ್ನೇ ಕೇಳಿದೆ.

ಆಮೇಲೆ 'ನೋಔಟ್', ಅಂದರೆ ಕಾಣದ ಡಿಸ್ಕನ್ನು ಹೊರಗಿಡಬೇಡ ಎಂದು ಸೆಫ್‌ಗೆ ಹೇಳುವ ಫ್ಲ್ಯಾಗ್. ಒಂದು ಓಎಸ್‌ಡಿ (ಒಂದು ಡಿಸ್ಕನ್ನು ನೋಡಿಕೊಳ್ಳುವ ಪ್ರೋಗ್ರಾಂ) 600 ಸೆಕೆಂಡು ಕಾಣದಿದ್ದರೆ ಸೆಫ್ ಸಾಮಾನ್ಯವಾಗಿ ಅದನ್ನು ಹೊರಗಿಟ್ಟು, ಅದರ ಡೇಟಾವನ್ನು ಬೇರೆಡೆ ಮತ್ತೆ ಕಟ್ಟತೊಡಗುತ್ತದೆ. ಸ್ವಲ್ಪ ಹೊತ್ತಿನ ರಿಪೇರಿಗೆ ಇಷ್ಟು ನಕಲು ಯಾಕೆ? ನೆಟ್‌ವರ್ಕ್ ತುಂಬಿಹೋಗುತ್ತದೆ, ಯಂತ್ರ ವಾಪಸ್ ಬಂದಾಗ ಎಲ್ಲವೂ ಮತ್ತೆ ಹಿಂದಕ್ಕೆ ಹರಿಯಬೇಕು. ಇಡೀ ಕ್ಲಸ್ಟರಿಗೆ ಫ್ಲ್ಯಾಗ್ ಹಾಕುವವರೇ ಹೆಚ್ಚು. ನಾನು ಆ ಒಂದು ಹೋಸ್ಟ್‌ಗೆ ಮಾತ್ರ ಹಾಕುತ್ತೇನೆ. ಅದೇ ಹೊತ್ತಿಗೆ ಬೇರೆಲ್ಲೋ ಒಂದು ಡಿಸ್ಕ್ ನಿಜವಾಗಿಯೂ ಸತ್ತರೆ, ಅದರ ರಿಕವರಿ ತಡೆಯಬಾರದಲ್ಲ!

ಓಎಸ್‌ಡಿ ಸರ್ವಿಸ್‌ಗಳನ್ನು ಮೊದಲು ನಿಲ್ಲಿಸಿ ನಂತರವೇ ಯಂತ್ರ ಆಫ್ ಮಾಡಿದೆ. ಸರಿಯಾಗಿ ನಿಲ್ಲಿಸಿದ ಓಎಸ್‌ಡಿ 'ನಾನು ಹೊರಟೆ' ಎಂದು ಮಾನಿಟರ್‌ಗೆ ತಾನೇ ತಿಳಿಸುತ್ತದೆ. ಪವರ್ ಎಳೆದರೆ ಮಾತ್ರ ಅಕ್ಕಪಕ್ಕದವು ಹಾರ್ಟ್‌ಬೀಟ್‌ಗಾಗಿ ('ಬದುಕಿದ್ದೇನೆ' ಎಂಬ ಸಂಕೇತಕ್ಕಾಗಿ) 20 ಸೆಕೆಂಡಿನಷ್ಟು ಕಾಯುತ್ತವೆ. ಅಲ್ಲಿಯವರೆಗೆ ಆ ಡಿಸ್ಕ್‌ಗಳಿಗೆ ಬರೆಯಬೇಕಾದ ವರ್ಚುವಲ್ ಮೆಷಿನ್‌ಗಳೆಲ್ಲ ಸ್ತಬ್ಧ. ಸರ್ವಿಸ್ ನಿಂತ ಮೇಲೆ ಸ್ಥಿತಿ 'ಅಂಡರ್‌ಸೈಜ್ಡ್, ಡಿಗ್ರೇಡೆಡ್' (ಪ್ರತಿಗಳು ಕಡಿಮೆಯಿವೆ) ಎಂದು ಹಳದಿಗೆ ತಿರುಗಿತು. ಅದು ನಿರೀಕ್ಷಿತವೇ. 'ಇನ್‌ಆಕ್ಟಿವ್' (ಓದು-ಬರಹ ನಿಂತಿದೆ) ಎಂದು ಒಂದೇ ಒಂದು ಗ್ರೂಪ್ ಕಂಡಿದ್ದರೂ ಸರ್ವಿಸ್‌ಗಳನ್ನು ವಾಪಸ್ ಏಳಿಸುತ್ತಿದ್ದೆ. ಅದು ಕಾಣಲಿಲ್ಲ, ಶಟ್‌ಡೌನ್ ಕೊಟ್ಟೆ. ರ‍್ಯಾಕ್ ಬಳಿ ನಿಂತವರು ಪಕ್ಕದ ಯಂತ್ರ ಬಿಚ್ಚದಂತೆ ಗುರುತಿನ ದೀಪವನ್ನೂ ಹೊತ್ತಿಸಿಟ್ಟಿದ್ದೆ.

ರ‍್ಯಾಮ್ ಕೂತು ಯಂತ್ರ ಎದ್ದ ಮೇಲೆ ಮೊದಲು ನೋಡಿದ್ದು ಗಡಿಯಾರ. ಮಾನಿಟರ್‌ಗಳ ನಡುವೆ 0.05 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸೆಫ್ ದೂರುತ್ತದೆ. ಓಎಸ್‌ಡಿಗಳು ಬಂದವು, ತಾವಿಲ್ಲದಾಗ ಬದಲಾದದ್ದನ್ನಷ್ಟೇ ತುಂಬಿಕೊಳ್ಳತೊಡಗಿದವು. ಫ್ಲ್ಯಾಗ್ ತೆಗೆದೆ.

ಅಷ್ಟರಲ್ಲೇ ಸಹೋದ್ಯೋಗಿಯೊಬ್ಬರು, "ಹೇಗೂ ಇಲ್ಲೇ ಇದ್ದೀವಲ್ಲ ಸರ್, ಮುಂದಿನದನ್ನೂ ಆಫ್ ಮಾಡಿಬಿಡೋಣ" ಎಂದರು. ಒಪ್ಪಲಿಲ್ಲ. ಈ ನಡುವೆ ಬರೆದ ಡೇಟಾ ಇನ್ನೂ ಎರಡೇ ಕಡೆ ಇತ್ತು, ಅದರಲ್ಲೊಂದು ಅವರು ತೋರಿಸಿದ ಯಂತ್ರವೇ ಆಗಿರಬಹುದು. ಮತ್ತೆ ಎಲ್ಲ ಗ್ರೂಪ್‌ಗಳೂ ಕ್ಲೀನ್ ಆದ ಮೇಲಷ್ಟೇ ಅದಕ್ಕೆ ಕೈ ಹಾಕಿದೆವು.