ಟೀಚರೇ, ಸ್ವಲ್ಪ ಕೂತ್ಕೊಳ್ಳಿ – ನನ್ನ ಅನುಭವ

ನಾನು ಸ್ಕೂಲಿಂದ ರಿಟೈರ್ ಆದ ವರ್ಷವೇ ನಮ್ಮ ಕೊಡಗಿಗೆ 2018ರ ಆಗಸ್ಟ್ ಮಳೆ ಬಂತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜಾರಿ ಮನೆ ತೋಟ ಕಳ್ಕೊಂಡವ್ರು ಪರಿಹಾರ ಕೇಂದ್ರಗಳಿಗೆ ಬಂದ್ರು, ನಾನೂ ಮಡಿಕೇರಿಯ ಒಂದು ಕೇಂದ್ರಕ್ಕೆ ಹೋಗಿ ಬಟ್ಟೆ ವಿಂಗಡಿಸೋದು, ಊಟ ಬಡಿಸೋದು ಮಾಡ್ತಿದ್ದೆ. ಅಕ್ಕಿ, ಬೆಡ್‌ಶೀಟ್ ಲಾರಿಗಟ್ಲೆ ಬರ್ತಿತ್ತು. ಅಲ್ಲಿದ್ದ ಒಬ್ರು ಅಜ್ಜಿ ನನ್ನ ಹತ್ರ ಕೇಳಿದ್ದು ಮಾತ್ರ ಬೇರೆ, "ಟೀಚರೇ, ಸ್ವಲ್ಪ ಕೂತ್ಕೊಳ್ಳಿ" ಅಂತ. ಕೂತೆ. ಹೋದ ಮನೆ ಬಗ್ಗೆ ಅವ್ರು ಒಂದು ಮಾತೂ ಆಡ್ಲಿಲ್ಲ, ಕೊಟ್ಟಿಗೆಲಿದ್ದ ಹಸು, ಅದರ ಕರು, ಅದು ಯಾರ ದನಿ ಕೇಳಿದ್ರೆ ತಲೆ ಎತ್ತುತ್ತಿತ್ತು ಅನ್ನೋದನ್ನೇ ಹೇಳ್ತಾ ಹೋದ್ರು. ಅವತ್ತು ರಾತ್ರಿ ಮನೆಗೆ ಬಂದಾಗ ಮನಸ್ಸು ತುಂಬಿತ್ತು, ದುಃಖಕ್ಕಲ್ಲ, ನಾನು ಯಾರಿಗೋ ಬೇಕು ಅನ್ನಿಸಿದ್ದಕ್ಕೆ.

ಆಮೇಲೆ ಸರ್ಕಾರ ಕರ್ಣಂಗೇರಿ, ಜಂಬೂರು ಕಡೆ ಹೊಸ ಮನೆ ಕಟ್ಟಿಸಿ ಕೊಡ್ತು. ಒಳ್ಳೇದೇ ಆಯ್ತು, ಆದ್ರೆ ತೋಟದ ಮಧ್ಯೆ ಬದುಕಿದವ್ರಿಗೆ ಸಾಲು ಮನೆಯ ಬದುಕು ಸುಲಭ ಅಲ್ಲ. ಕಾಳುಮೆಣಸಿನ ಬಳ್ಳಿ ಇಲ್ಲ, ಕೊಟ್ಟಿಗೆ ಇಲ್ಲ, ಪಕ್ಕದ ಮನೆಯವ್ರು ಬೇರೆ ಊರಿನವ್ರು. ವಯಸ್ಸಾದವ್ರು ಬಾಗಿಲಲ್ಲಿ ಕೂತು ರಸ್ತೆ ನೋಡ್ತಾರೆ. ಅಂಥವ್ರ ಮನೆಗೆ ವಾರಕ್ಕೊಂದ್ಸಲ, ಅದೂ ಅದೇ ದಿನ ಅದೇ ಹೊತ್ತಿಗೆ ಹೋಗೋಕೆ ಶುರು ಮಾಡ್ದೆ. ದಿನ ತಪ್ಪಿಸಬಾರದು, ಇದು ತುಂಬಾ ಮುಖ್ಯ, ಯಾಕಂದ್ರೆ ಅವ್ರು ಕಾಯ್ತಾರೆ.

ಹೋಗೋ ಮುಂಚೆ ಬೆಳಿಗ್ಗೆ ದೇವರ ದೀಪ ಹಚ್ಚಿ ಕಾಲು ಗಂಟೆ ಜಪಕ್ಕೆ ಕೂರ್ತೀನಿ. ನಾಮ ಒಂದು, ಉಸಿರು ಒಂದು, ಬೇರೇನೂ ಇಲ್ಲ. ಮನಸ್ಸು ಓಡುತ್ತೆ, ವಾಪಸ್ ಕರ್ಕೊಂಡು ಬರ್ತೀನಿ. ಜಪ ಮಾಡಿದ ದಿನ ನನ್ನ ಮಂಡಿ ನೋವು, ದೂರದಲ್ಲಿರೋ ಮಗನ ಚಿಂತೆ ಸ್ವಲ್ಪ ಹಿಂದೆ ಸರಿಯುತ್ತೆ, ಎದುರಿಗಿರೋರ ಮಾತು ಕಿವಿಗೆ ಪೂರ್ತಿ ಬೀಳುತ್ತೆ. ನನ್ನ ಪಾಲಿಗೆ ಜಪ, ಸೇವೆ ಎರಡೂ ಒಂದೇ ಹಗ್ಗದ ಎರಡು ಎಳೆ.

ಇನ್ನೊಂದು, ಅವ್ರು ಕೊಟ್ಟಿದ್ದನ್ನ ತಗೋಬೇಕು. ಬೆಲ್ಲದ ಕಾಫಿ ಕೊಟ್ರೆ ಬೇಡ ಅನ್ನಲ್ಲ, ಬಾಳೆಹಣ್ಣು ಕೊಟ್ರೆ ಚೀಲಕ್ಕೆ ಹಾಕೊಂಡು ಬರ್ತೀನಿ. ಕೊಡೋಕೆ ಏನೂ ಉಳಿದಿಲ್ಲ ಅಂದ್ಕೊಂಡವ್ರ ಮುಖ ಆ ಹೊತ್ತಲ್ಲಿ ಹೇಗೆ ಅರಳುತ್ತೆ ಅಂತ ನೋಡ್ಬೇಕು ನೀವು!

ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದಾಗ ದೊಡ್ಡ ಕ್ಯಾನ್‌ನಲ್ಲಿ ತೀರ್ಥ ತರ್ತೀನಿ. ಕಾವೇರಿ ಹುಟ್ಟೋ ಪುಟ್ಟ ಕುಂಡ ಬ್ರಹ್ಮಕುಂಡಿಕೆವರೆಗೆ ಹೋಗೋಕೆ ಆಗ್ದಿರೋ ಅಜ್ಜ ಅಜ್ಜಿಯಂದ್ರು ಅದನ್ನ ಕಣ್ಣಿಗೊತ್ತಿಕೊಂಡು ಕುಡೀತಾರೆ, ಸ್ವಲ್ಪ ಬಾಟಲಿಲಿ ಎತ್ತಿಡ್ತಾರೆ, ಕೊನೆ ಗಳಿಗೆಗೆ ಬೇಕಲ್ವಾ ಅಂತ. ಆ ದಿನ ಎಲ್ಲರ ಮನೆಗೂ ಹೋಗಿ ಮುಗಿಸೋ ಹೊತ್ತಿಗೆ ಕತ್ತಲಾಗುತ್ತೆ, ಸುಸ್ತೂ ಆಗುತ್ತೆ, ಆದ್ರೆ ವರ್ಷದಲ್ಲಿ ನಾನು ಅತೀ ಖುಷಿಯಾಗಿರೋ ದಿನ ಅದೇ.

ಶುಕ್ರವಾರ ಸಂಜೆ ಒಬ್ರ ಮನೆ ಜಗಲಿಲಿ ಭಜನೆನೂ ಶುರುವಾಗಿದೆ. ತಾಳ ನನ್ನ ಮನೇದು, ಹಾಡೋರು ಆ ಅಜ್ಜ ಅಜ್ಜಿಯಂದ್ರೇ. ಯಾರಾದ್ರೂ ಬರ್ಲಿಲ್ಲ ಅಂದ್ರೆ ಭಜನೆ ಮುಗಿದ ತಕ್ಷಣ ಇಬ್ರು ಅವ್ರ ಮನೆಗೆ ಹೋಗಿ ವಿಚಾರಿಸ್ತಾರೆ, ಹೋದ ಮಳೆಗಾಲ ಒಬ್ರು ಅಜ್ಜಂಗೆ ಜ್ವರ ಬಂದಿದ್ದು ಗೊತ್ತಾಗಿ ಆಟೋ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋದವ್ರೂ ಅವ್ರೇ, ನಂಗೆ ಮಾರನೇ ದಿನವೇ ಗೊತ್ತಾಗಿದ್ದು.