ಯುಎಸ್‌ಬಿ ಸತ್ತಾಗ ಯಾವ ಮಾಡ್ಯೂಲ್ ತೆಗೆಯಬೇಕು?

ನನ್ನ ಡೆಬಿಯನ್ ಲ್ಯಾಪ್‌ಟಾಪ್ ಸಸ್ಪೆಂಡ್‌ನಿಂದ ಎದ್ದ ಮೇಲೆ ಒಮ್ಮೊಮ್ಮೆ ಯುಎಸ್‌ಬಿ ಪೂರ್ತಿ ಸತ್ತು ಬಿಡುತ್ತಿತ್ತು. ಮೌಸ್ ಇಲ್ಲ, ಪೆನ್‌ಡ್ರೈವ್ ಇಲ್ಲ. ರೀಬೂಟ್ ಮಾಡಿದರೆ ಸರಿ, ಆದರೆ ತೆರೆದಿಟ್ಟ ಕೆಲಸವೆಲ್ಲ ಮುಚ್ಚಿ ಪ್ರತಿ ಸಲ ಯಾರು ರೀಬೂಟ್ ಮಾಡ್ತಾರೆ ಹೇಳಿ!

ಡ್ರೈವರ್ ಇರುವ ಮಾಡ್ಯೂಲನ್ನು (ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಬೇಕಾದಾಗ ಸೇರಿಸಿ ತೆಗೆಯಬಹುದಾದ ತುಣುಕು) ತೆಗೆದು ಮತ್ತೆ ಹಾಕಿದರೆ ಸಾಕು ಅನಿಸಿತು. ಪಿಸಿಐ ಬಸ್‌ನಲ್ಲಿರುವ ಸಾಧನಗಳನ್ನೂ ಅವುಗಳ ಡ್ರೈವರ್‌ಗಳನ್ನೂ ಪಟ್ಟಿ ಮಾಡುವ 'ಎಲ್‌ಎಸ್‌ಪಿಸಿಐ -ಕೆ' ಕಮಾಂಡ್, ಯುಎಸ್‌ಬಿ ಕಂಟ್ರೋಲರ್‌ನ ಡ್ರೈವರ್ ಹೆಸರು ಎಕ್ಸ್‌ಎಚ್‌ಸಿಐ_ಎಚ್‌ಸಿಡಿ ಅಂತ ತೋರಿಸಿತು. ಅದನ್ನು ಮಾಡ್ಯೂಲ್ ತೆಗೆಯುವ 'ಮಾಡ್‌ಪ್ರೋಬ್ -ಆರ್'ಗೆ ಕೊಟ್ಟರೆ ಬಳಕೆಯಲ್ಲಿದೆ ಅಂತ ಹೇಳಿ ಸುಮ್ನಾಯಿತು.

ಉತ್ತರ ಇದ್ದದ್ದು ಸಿಸ್‌ಎಫ್‌ಎಸ್‌ನಲ್ಲಿ, ಅಂದರೆ ಸಾಧನ, ಡ್ರೈವರ್‌ಗಳ ಮಾಹಿತಿಯನ್ನು ಕರ್ನಲ್ ಫೈಲುಗಳಂತೆ ತೋರಿಸುವ /ಸಿಸ್ ಡೈರೆಕ್ಟರಿಯಲ್ಲಿ. /ಸಿಸ್/ಬಸ್/ಪಿಸಿಐ/ಡ್ರೈವರ್ಸ್/ಎಕ್ಸ್‌ಎಚ್‌ಸಿಐ_ಎಚ್‌ಸಿಡಿ ಒಳಗೆ 'ಮಾಡ್ಯೂಲ್' ಅನ್ನುವ ಒಂದು ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈತೋರಿಸುವ ಕೊಂಡಿ) ಇದೆ, 'ರೀಡ್‌ಲಿಂಕ್ -ಎಫ್' ಹಾಕಿ ನೋಡಿದರೆ ಅದು ಹೋಗಿ ನಿಲ್ಲುವುದು /ಸಿಸ್/ಮಾಡ್ಯೂಲ್/ಎಕ್ಸ್‌ಎಚ್‌ಸಿಐ_ಪಿಸಿಐ ಹತ್ತಿರ. ಅಂದರೆ ಡ್ರೈವರ್‌ಗೆ ಒಂದು ಹೆಸರು, ಮಾಡ್ಯೂಲ್‌ಗೆ ಇನ್ನೊಂದು. ಎಚ್‌ಸಿಡಿ ಹೆಸರಿನ ಮಾಡ್ಯೂಲ್ ಬೇರೆಯೇ ಇದೆ, ಪಿಸಿಐ ಮಾಡ್ಯೂಲ್ ಅದರ ಮೇಲೆ ನಿಂತಿದೆ, ಅದಕ್ಕೇ ಅದು ಕದಲಲಿಲ್ಲ. ಡ್ರೈವರ್ ನೋಂದಣಿ ಆಗುವಾಗ ಕರ್ನಲ್ಲೇ ಈ ಕೊಂಡಿ ಹಾಕುತ್ತದೆ. ಹಿಂದಕ್ಕೂ ಒಂದು ಹಾಕುತ್ತದೆ: ಮಾಡ್ಯೂಲ್‌ನ 'ಡ್ರೈವರ್ಸ್' ಡೈರೆಕ್ಟರಿಯಲ್ಲಿ 'ಪಿಸಿಐ:ಎಕ್ಸ್‌ಎಚ್‌ಸಿಐ_ಎಚ್‌ಸಿಡಿ' ಅಂತ ಕಾಣುತ್ತದೆ. ಚೆನ್ನಾಗಿದೆ ಅಲ್ವಾ?

ಆಮೇಲೆ ರೂಟ್ ಆಗಿ ಎಕ್ಸ್‌ಎಚ್‌ಸಿಐ_ಪಿಸಿಐ ತೆಗೆದು ಮತ್ತೆ ಹಾಕಿದೆ, ಮೌಸ್ ಎದ್ದಿತು. ಎರಡೂ ಕಮಾಂಡ್ ಒಂದೇ ಸಾಲಿನಲ್ಲಿ, ನಡುವೆ '&&' ಹಾಕಿ ಕೊಡಿ. ಯುಎಸ್‌ಬಿ ಕೀಬೋರ್ಡ್ ಇದ್ದರೆ ಮೊದಲನೆಯದು ಮುಗಿದ ಕೂಡಲೇ ಅದೂ ಹೋಗುತ್ತದೆ, ಎರಡನೆಯದು ಟೈಪ್ ಮಾಡೋಕೆ ಏನೂ ಉಳಿಯಲ್ಲ.

ಡ್ರೈವರ್ ಕರ್ನಲ್‌ನೊಳಗೇ ಸೇರಿದ್ದರೆ ಮಾಡ್ಯೂಲ್ ತೆಗೆಯೋಕೆ ಆಗಲ್ಲ. ಆಗ ಡ್ರೈವರ್ ಡೈರೆಕ್ಟರಿಯ 'ಅನ್‌ಬೈಂಡ್' ಫೈಲಿಗೆ ಯುಎಸ್‌ಬಿ ಕಂಟ್ರೋಲರ್‌ನ ಪಿಸಿಐ ವಿಳಾಸ ಬರೆದು, ಅದನ್ನೇ 'ಬೈಂಡ್'ಗೂ ಬರೆಯಿರಿ.