ಸ್ಟಾರ್ಟ್ ಆಗದ ಮಿನಿ ಟ್ರಾಕ್ಟರ್: ಕೊಳ್ಳುವ ಮುಂಚೆ ನಾನು ನೋಡಿದ್ದು, ಲೆಕ್ಕ ಹಾಕಿದ್ದು

ವರ್ಷಗಟ್ಟಲೆ ಶೀಟಿನ ಕೆಳಗೆ ಬಿದ್ದಿದ್ದ ಮಿನಿ ಟ್ರಾಕ್ಟರನ್ನು 55 ಸಾವಿರ ಕೊಟ್ಟು ತಂದಾಗ ನಮ್ಮ ಭಾವ, "ಗುಜರಿಗೆ ಹೋಗೋದನ್ನ ಅಡ್ಡ ಹಾಕ್ಕೊಂಡು ತಂದಿದೀಯಲ್ಲೋ" ಅಂದಿದ್ದರು. ನಮ್ಮ ಮೇಸ್ತ್ರಿಯಂತೂ ಬಾನೆಟ್ ಕೂಡ ಎತ್ತದೆ ಕೈಯಾಡಿಸಿ ಹೋಗಿಬಿಟ್ಟ. ಈಗ ಹೆಸರಘಟ್ಟದ ಕಡೆಯ ನಮ್ಮ ತೋಟದಲ್ಲಿ ಸೀಬೆ ಸಾಲಿನ ನಡುವೆ ಅದೇ ಗಾಡಿ ರೋಟವೇಟರ್ ಎಳೆಯುತ್ತಿದೆ. ಭಾವ ತಮ್ಮ ರಾಗಿ ಹೊಲಕ್ಕೂ ಒಂದು ದಿನ ಕಳಿಸು ಅನ್ನುತ್ತಿದ್ದಾರೆ. ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿ ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಅಆಇಈ ಹೇಳಲು ಹೋಗಲ್ಲ.

ಗಾಡಿ ಮಿತ್ಸುಬಿಷಿ ಶಕ್ತಿ ಎಂಟಿ 180 ಡಿ. 3 ಸಿಲಿಂಡರ್, 18.5 ಎಚ್‌ಪಿ. ಓಡದ ಗಾಡಿಯಲ್ಲಿ ಬೇರೆ ಯಾವುದೋ ಅಪರೂಪದ ಮಾಡೆಲ್ ಬಿಟ್ಟಿ ಸಿಕ್ಕರೂ ನಾನು ಮುಟ್ಟಲ್ಲ. ಇದನ್ನು ಮಾಡುವ ಕಂಪನಿ ಬೆಂಗಳೂರಿನದೇ, ಬಿಡಿಭಾಗಕ್ಕೆ ಊರೂರು ಅಲೆಯಬೇಕಿಲ್ಲ.

ಮೊದಲು ದುಡ್ಡು. ಇದೇ ವಯಸ್ಸಿನ ಓಡುವ ಗಾಡಿ ಆಗ 1.6 ಲಕ್ಷದ ಆಸುಪಾಸಿನಲ್ಲಿತ್ತು. ಬ್ಲಾಕ್ ಮತ್ತು ಕ್ರ್ಯಾಂಕ್ ಬಿಟ್ಟು ಉಳಿದದ್ದೆಲ್ಲ ಹೋಗಿದೆ ಅಂತಲೇ ಹಿಡಿದೆ: ಡೀಸೆಲ್ ಪಂಪು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗೆ 12 ಸಾವಿರ, ಕ್ಲಚ್‌ಗೆ 7, ಬ್ಯಾಟರಿಗೆ 5, ಹಿಂದಿನ ಟೈರ್ ಜೋಡಿಗೆ 20ರ ಹತ್ತಿರ, ಸಾಗಾಣಿಕೆಗೆ 4, ಚಿಲ್ಲರೆ ಪಲ್ಲರೆ ಅಂತ 10. ಇದನ್ನೆಲ್ಲ ಕಳೆದು ಒಂದು ಲಕ್ಷ ಉಳಿಯಿತು ಅಂತ ಒಂದು ಲಕ್ಷ ಕೊಡುವುದಲ್ಲ. ನನ್ನ ಕೂಲಿಗೂ ಎದೆಬಡಿತಕ್ಕೂ ಅದರಲ್ಲಿ ಅರ್ಧ ಹೋಗಬೇಕು. ಇನ್ನೊಂದು ತುದಿಯಿಂದಲೂ ಅಳೆದೆ. ಎಂಜಿನ್ ಪೂರ್ತಿ ಕೆಟ್ಟಿದ್ದರೂ ಗೇರ್‌ಬಾಕ್ಸು, ಚಕ್ರ, ಲಿಫ್ಟು ಬಿಡಿಬಿಡಿಯಾಗಿ ಮಾರಿ ಉಳಿದದ್ದನ್ನು ತೂಕಕ್ಕೆ ಹಾಕಿದರೆ 35 ಸಾವಿರಕ್ಕೆ ಮೋಸವಿಲ್ಲ. ಅಂದರೆ 55ಕ್ಕೆ ತಂದರೆ ಕೈಬಿಡುವುದು ಹೆಚ್ಚೆಂದರೆ 20. ಅಷ್ಟು ಕಳೆದುಕೊಳ್ಳಲು ನಾನು ತಯಾರಿದ್ದೆ.

ಇದಕ್ಕೆ ಮುಂಚೆ ನೋಡಿ ಬಿಟ್ಟವೂ ಇವೆ. ಹೊಸಕೋಟೆ ಕಡೆ ಒಂದಕ್ಕೆ ಹೊಸ ಪೇಂಟ್ ಹೊಡೆದು ನಿಲ್ಲಿಸಿದ್ದರು, ಸಿಲೆನ್ಸರ್‌ಗೂ ಬೆಳ್ಳಿ ಬಣ್ಣ. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ನೀರು ಎಣ್ಣೆಗೆ ಇಳಿದಿದೆ. ಹೆಡ್ ಗ್ಯಾಸ್ಕೆಟ್ಟೋ, ಬ್ಲಾಕೇ ಸೀಳಿದೆಯೋ ಹೊರಗಿನಿಂದ ತಿಳಿಯುವಂತಿಲ್ಲ. ಚಹಾ ಕುಡಿದು ಎದ್ದು ಬಂದೆ. ದೊಡ್ಡಬಳ್ಳಾಪುರದ ಹತ್ತಿರ ಇನ್ನೊಂದರಲ್ಲಿ ಎಣ್ಣೆ ಮಟ್ಟ ಗೆರೆ ದಾಟಿ ಮೇಲಿತ್ತು, ಮೂಸಿದರೆ ಡೀಸೆಲ್ ವಾಸನೆ. ಅದನ್ನು ಸರಿ ಮಾಡಬಹುದಿತ್ತು, ಆದರೆ ಆ ತೆಳು ಎಣ್ಣೆಯಲ್ಲಿ ಎಷ್ಟು ದಿನ ಓಡಿಸಿ ಬೇರಿಂಗ್ ತಿಂದಿದ್ದಾರೋ ಯಾರಿಗೆ ಗೊತ್ತು.

ನಾನು ಕೊಂಡದ್ದು ತಾವರೆಕೆರೆ ಹತ್ತಿರ. ಜಮೀನು ಲೇಔಟ್ ಆಗಿ ಗಾಡಿಗೆ ಕೆಲಸವಿಲ್ಲ. ಯಜಮಾನರು, "ಬ್ಯಾಟ್ರಿ ಒಂದೇ ಹೋಗಿರೋದು ಸಾ, ಹಾಕಿದ್ರೆ ಒಂದೇ ಸೆಲ್ಫು" ಅಂದರು. ಎಲ್ಲರೂ ಹೇಳುವುದು ಇದನ್ನೇ, ಅದಕ್ಕೇ ನಾನು ಬ್ಯಾಟರಿ ಜೊತೆಗೇ ಒಯ್ಯುತ್ತೇನೆ. ಆದರೆ ಮೊದಲು ಸೆಲ್ಫ್ ಹೊಡೆಯಲ್ಲ. ಗೇರ್ ನ್ಯೂಟ್ರಲ್ ಮಾಡಿ, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಮೂರು ಕಡೆ ಬಿಗಿಯಾಗಿ ಎದುರು ಒತ್ತಿ, ನಿಧಾನಕ್ಕೆ ಬಿಟ್ಟುಕೊಟ್ಟಿತು. ಅಂದರೆ ಎಂಜಿನ್ ಜಾಮ್ ಆಗಿಲ್ಲ, ಮೂರೂ ಸಿಲಿಂಡರ್ ಗಾಳಿ ಹಿಡಿಯುತ್ತಿವೆ. ಆ ಎದುರೊತ್ತು ಅಂಗೈಗೆ ಸಿಕ್ಕಿದ ಮೇಲೆ ನನ್ನ ಅರ್ಧ ಮನಸ್ಸು ಆಗಿಹೋಯಿತು, ಮುಖದಲ್ಲಿ ತೋರಿಸಲಿಲ್ಲ ಅಷ್ಟೇ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಅನ್ನುವ ಅಳತೆ. ಪೆಟ್ರೋಲ್ ಗಾಡಿಯ ಗೇಜ್ ಇಲ್ಲಿ ನಡೆಯಲ್ಲ. ಡೀಸೆಲ್ ಗೇಜಿಗೆ ಅಡಾಪ್ಟರ್ ಸಿಗದೆ, ಹಳೇ ಗ್ಲೋ ಪ್ಲಗ್ಗಿನ (ತಣ್ಣಗಿರುವ ಎಂಜಿನ್ ಹತ್ತಲೆಂದು ಒಳಗೆ ಕಾಯಿಸುವ ಪ್ಲಗ್) ತುದಿ ಕತ್ತರಿಸಿ, ನಡುವೆ ತೂತು ಕೊರೆಸಿ, ಅದಕ್ಕೇ ನಿಪ್ಪಲ್ ಬೆಸೆಸಿಕೊಂಡಿದ್ದೆ. ಕಾಮಾಕ್ಷಿಪಾಳ್ಯದ ಲೇತ್‌ನವರು 300 ತೆಗೆದುಕೊಂಡರು. ತಣ್ಣಗಿರುವ ಎಂಜಿನ್ನಿನಲ್ಲಿ ಎರಡು ಸಿಲಿಂಡರ್ 380 ಪಿಎಸ್‌ಐ ಆಸುಪಾಸು, ಮೂರನೆಯದು 350. 300ರ ಕೆಳಗೆ ಬಂದಿದ್ದರೆ ಅಥವಾ ಒಂದೇ ಒಂದು ತೀರಾ ಕೆಳಗಿದ್ದರೆ ಬೋರ್ ಕೆಲಸದ ದುಡ್ಡನ್ನೂ ಕಳೆದು ಮಾತಾಡುತ್ತಿದ್ದೆ.

ಎಸ್‌ಪಿ ರೋಡಲ್ಲಿ 1,200 ಕೊಟ್ಟು ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಒಂದನ್ನೂ ತಂದಿದ್ದೆ, ಸಿಲಿಂಡರ್ ಗೋಡೆ ನೋಡೋಣ ಅಂತ. ಈ ಎಂಜಿನ್ನಲ್ಲಿ ಗ್ಲೋ ಪ್ಲಗ್ ತೂತು ನೇರ ಸಿಲಿಂಡರಿಗಲ್ಲ, ಹೆಡ್ಡಿನೊಳಗಿನ ಪ್ರಿ-ಚೇಂಬರ್ ಅನ್ನುವ ಸಣ್ಣ ಕೋಣೆಗೆ ತೆರೆಯುತ್ತದೆ, ಹಾಗಾಗಿ ಕಂಡದ್ದು ಬರೀ ಮಸಿ. ಅದೇ ಕ್ಯಾಮೆರಾವನ್ನು ಗೇರ್‌ಬಾಕ್ಸಿನ ಎಣ್ಣೆ ಬಾಯಿಯಿಂದ ಇಳಿಸಿದೆ. ಹಲ್ಲುಗಳ ಅಂಚು ಚೆನ್ನಾಗಿತ್ತು, ತುಕ್ಕಿನ ನೀರು ನಿಂತಿರಲಿಲ್ಲ. ದುಡ್ಡು ವಸೂಲು.

ಈಗ ಮುಖ್ಯ ವಿಷಯ. ಸೆಲ್ಫ್ ಹೊಡೆದಾಗ ಸಿಲೆನ್ಸರಿನಿಂದ ಒಂದು ಎಳೆ ಹೊಗೆ ಬರಲಿಲ್ಲ. ನೋಡಲು ಬಂದಿದ್ದವರೆಲ್ಲ "ಸತ್ತೋಗಿದೆ ಬಿಡಿ" ಅಂದರು. ನನಗೆ ಅದೇ ಶುಭ ಸಮಾಚಾರ! ಬಿಳಿ ಹೊಗೆ ಉಗುಳಿಯೂ ಹತ್ತದಿದ್ದರೆ ಕಂಪ್ರೆಷನ್, ನಾಝಲ್, ಟೈಮಿಂಗ್ ಅಂತ ಹತ್ತು ಅನುಮಾನ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಒಳಗೆ ಹೋಗುತ್ತಿಲ್ಲ. ಏರ್ ತೆಗೆದು, ನಾಝಲ್ ಪೈಪಿನ ನಟ್ ಸಡಿಲಿಸಿ ಮತ್ತೆ ಸೆಲ್ಫ್ ಹೊಡೆದೆ, ಒಣಗಿತ್ತು. ಪಂಪಿನ ಸ್ಟಾಪ್ ಲಿವರ್ ಎಳೆದರೆ ಬರುತ್ತದೆ, ಬಿಟ್ಟರೆ ವಾಪಸ್ ಹೋಗಲ್ಲ. ಹಳೇ ಡೀಸೆಲ್ ಅಂಟಾಗಿ, ಒಳಗೆ ಡೀಸೆಲ್ಲಿನ ಅಳತೆ ಹೆಚ್ಚು ಕಡಿಮೆ ಮಾಡುವ ಸರಳಾದ ರ್‍ಯಾಕ್ ಹಿಡಿದುಕೊಂಡಿದೆ. ಯಜಮಾನರು ಹೇಳಿದ್ದು 90, ನಾನು ಹೊಗೆ ಬಾರದ ಸಿಲೆನ್ಸರ್ ತೋರಿಸಿ 45ರಿಂದ ಶುರು ಮಾಡಿದೆ.

ರ್‍ಯಾಕ್ ಬಿಡಿಸಿದ್ದು ಅಷ್ಟು ಸಲೀಸಾಗಿ ಆಗಲಿಲ್ಲ. ಡಬ್ಲ್ಯುಡಿ-40 ಹೊಡೆದೆ, ಹೊಸ ಡೀಸೆಲ್ಲಿನಲ್ಲಿ ನೆನೆಹಾಕಿದೆ, ಬಿಸಿನೀರು ಸುರಿದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪಂಪು ಇಳಿಸದೆಯೇ ಬಿಡಿಸಿದೆ. ಯಾವುದನ್ನು ಯಾವುದಕ್ಕೆ ಬೆರೆಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದರಲ್ಲೇ ಇನ್ನೆರಡು ಗಾಡಿ ಎತ್ತುವ ಯೋಚನೆ ಇದೆ. ನಾಝಲ್ ಮೂರನ್ನೂ ಕ್ಯಾಲಿಬ್ರೇಷನ್‌ಗೆ ಕೊಟ್ಟೆ, ಒಂದು ಬದಲಾಯಿತು, 4 ಸಾವಿರ ಚಿಲ್ಲರೆ.

ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿತ್ತು. ಪೆಡಲ್ ಒತ್ತಿ ಮರದ ರೀಪರ್ ಕೊಟ್ಟು ರಾತ್ರಿಯೆಲ್ಲ ಬಿಟ್ಟರೂ ಬಿಡಲಿಲ್ಲ. ಗಾಡಿ ಎರಡು ಭಾಗ ಮಾಡಿದರೆ ಕೂಲಿಯೇ ಕತ್ತು ಹಿಸುಕುತ್ತದೆ. ಖಾಲಿ ಹೊಲದಲ್ಲಿ ಗೇರಿನಲ್ಲೇ ಸ್ಟಾರ್ಟ್ ಮಾಡಿ, ಎಂಜಿನ್ ಕಾದ ಮೇಲೆ ಕ್ಲಚ್ ತುಳಿದುಕೊಂಡೇ ಬ್ರೇಕ್ ಒತ್ತಿ ಒತ್ತಿ ಓಡಿಸಿದೆ, ಟಪ್ ಅಂತ ಬಿಟ್ಟುಕೊಂಡಿತು. ಮುಂದೆ ಮರ, ಬಾವಿ, ಮನುಷ್ಯರು ಇರುವ ಕಡೆ ಇದನ್ನು ಮಾಡಬೇಡಿ. 7 ಸಾವಿರ ಉಳಿಯಿತು.

ರೋಟವೇಟರ್ ಸಿಕ್ಕಿಸುವ ಲಿಂಕೇಜ್ ಪಿನ್ನುಗಳ ತುಕ್ಕಿಗೆ ಎರಡು ಡಬ್ಬದಲ್ಲಿ ಪಂದ್ಯ ಇಟ್ಟೆ: ಒಂದರಲ್ಲಿ ವಾಷಿಂಗ್ ಸೋಡಾ ನೀರು, ಕಂಬಿ ತುಂಡು, ಬ್ಯಾಟರಿ ಚಾರ್ಜರ್, ಇನ್ನೊಂದರಲ್ಲಿ ಹಳೇ ಹುಣಸೆಹಣ್ಣಿನ ರಸ. ಚಾರ್ಜರ್ ಗೆದ್ದಿತು, ಆದರೆ ಹುಣಸೆಯೂ ಬಹಳ ಹಿಂದೆ ಬೀಳಲಿಲ್ಲ. ಮನೆಯಲ್ಲಿ ಬೈಗುಳ ಮಾತ್ರ ಹುಣಸೆಗೇ ಬಂತು.

ಕಾಗದಪತ್ರ ಓಡದ ಗಾಡಿಗೂ ಅಷ್ಟೇ ಮುಖ್ಯ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಿದರೆ ಬ್ಯಾಂಕಿನ ಸಾಲ ಇನ್ನೂ ಆರ್‌ಸಿ ಮೇಲೇ ಕೂತಿತ್ತು. ಸಾಲ ತೀರಿ ಎಷ್ಟೋ ಕಾಲವಾಗಿತ್ತು, ಆರ್‌ಸಿಯಲ್ಲಿನ ಸಾಲದ ನಮೂದು (ಹೈಪಾಥಿಕೇಷನ್) ತೆಗೆಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರಂ 35 ಬರುವವರೆಗೆ 10 ಸಾವಿರ ಹಿಡಿದಿಟ್ಟುಕೊಂಡೆ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಅವತ್ತೇ ಸಹಿ ಹಾಕಿಸಿದೆ. ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟನ್ನೂ ದುಡ್ಡು ಕೊಡುವ ಮುಂಚೆಯೇ ತೆಗೆದುಕೊಂಡು ಆರ್‌ಸಿ ಜೊತೆ ಹೊಂದಿಸಿ ನೋಡಿದೆ.

ಎಲ್ಲ ಸೇರಿ ಇವತ್ತಿಗೆ 88-90 ಸಾವಿರ ಆಗಿರಬಹುದು. ಹಿಂದಿನ ಟೈರು ಇನ್ನೊಂದು ವರ್ಷ ನೂಕುತ್ತದೆ. ಲಿಫ್ಟ್ ಒಂದು ಬಾಕಿ: ರೋಟವೇಟರ್ ಎತ್ತಿ ಎಂಜಿನ್ ನಿಲ್ಲಿಸಿದರೆ ಕಾಲು ಗಂಟೆಯಲ್ಲಿ ನೆಲಕ್ಕೆ ಬಂದು ಕೂರುತ್ತದೆ. ಎಂಜಿನ್ ಓಡದೆ ಇದೊಂದನ್ನು ಪರೀಕ್ಷೆ ಮಾಡುವ ದಾರಿಯೇ ಇಲ್ಲ. ಸೀಲ್ ಕಿಟ್ ತಂದಿಟ್ಟಿದ್ದೇನೆ, ಭಾವನ ಹೊಲದ ಕೆಲಸ ಮುಗಿದ ಮೇಲೆ ಬಿಚ್ಚಬೇಕು.